ಕೈಗೆ ಪೆಟ್ಟಾದ ಮೇಲೆ ಬೇಟೆಯ ಕ್ರಾಸ್‌ಬೋ ಆರಿಸಿಕೊಳ್ಳುವುದು

ಅಮೆರಿಕದಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆಗಳಿರುವ ಕೈಬಿಲ್ಲು) ಹಿಡಿದು ಜಿಂಕೆ ಬೇಟೆಗೆ ಹೋಗುತ್ತಿದ್ದವರು ಭುಜ, ಮೊಣಕೈ ಅಥವಾ ಮಣಿಕಟ್ಟಿಗೆ ಪೆಟ್ಟಾದ ಮೇಲೆ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಹೊಡೆಯುವ ಅಡ್ಡಬಿಲ್ಲು) ಕಡೆಗೆ ಹೊರಳುವುದು ಸಾಮಾನ್ಯ. ಎಳೆದ ಹೆದೆಯನ್ನು ಇಲ್ಲಿ ಕೈ ಹಿಡಿದುಕೊಂಡಿರಬೇಕಾಗಿಲ್ಲ. ಕುದುರೆಯ (ಟ್ರಿಗರ್‌ನ) ಮೇಲಿರುವ ಕೊಂಡಿಯೇ ಹಿಡಿದಿರುತ್ತದೆ. ಆದರೆ ಹೆದೆಯನ್ನು ಆ ಕೊಂಡಿಯವರೆಗೆ ತರುವ ಕೆಲಸ ಉಳಿದೇ ಇರುತ್ತದೆ, ಮತ್ತು ಬೇಟೆಯ ಕ್ರಾಸ್‌ಬೋಗಳ ಹೆದೆಯ ಬಿಗಿ ಸಾಮಾನ್ಯವಾಗಿ 150ರಿಂದ 200 ಪೌಂಡ್‌ಗಳಷ್ಟಿರುತ್ತದೆ. ಆದ್ದರಿಂದ ಅಂಗಡಿಯವರು ಮೊದಲು ಹೇಳುವ ಬಾಣದ ವೇಗವನ್ನು ಬದಿಗಿಟ್ಟು, ಹೆದೆಯನ್ನು ಎಳೆಯುವ ಮತ್ತು ಇಳಿಸುವ (ಬಿಗಿ ಸಡಿಲಿಸುವ) ಬಗೆಯನ್ನೇ ಮೊದಲು ನೋಡಬೇಕು.

ಬರಿಗೈಯಲ್ಲಿ ಎಳೆಯುವುದು ಪೆಟ್ಟಾದ ಕೈಗೆ ಹೇಳಿದ್ದಲ್ಲ. ಹಗ್ಗ ಮತ್ತು ರಾಟೆಯ ರೋಪ್ ಕಾಕರ್ ಭಾರವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಆದರೂ 175 ಪೌಂಡಿನ ಬಿಲ್ಲಿಗೆ ಒಂದೊಂದು ಕೈಯೂ 40 ಪೌಂಡ್‌ಗೂ ಹೆಚ್ಚು ಎಳೆಯಬೇಕಾಗುತ್ತದೆ. ಸೋತ ಕೈ ಹಿಂದೆ ಬಿದ್ದರೆ ಹೆದೆ ನಡುವಿನಿಂದ ಒಂದು ಬದಿಗೆ ಸರಿದು ಕೂರುತ್ತದೆ, ಬಾಣವೂ ಗುರಿ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಹೀಗಾಗಿ ಒಂದು ಕೈ ಮಾತ್ರ ಗಟ್ಟಿಯಾಗಿರುವವರಿಗೆ ಕ್ರ್ಯಾಂಕ್ (ಹಿಡಿ ತಿರುಗಿಸಿ ಹೆದೆ ಎಳೆಯುವ ಸಾಧನ) ಇರುವ ಬಿಲ್ಲೇ ಸರಿ. ಟೆನ್‌ಪಾಯಿಂಟ್, ರೇವಿನ್ ಕಂಪನಿಗಳ ಹಲವು ಮಾದರಿಗಳಲ್ಲಿ ಅದು ಬಿಲ್ಲಿನೊಳಗೇ ಜೋಡಿಸಿರುತ್ತದೆ.

ಕ್ರ್ಯಾಂಕ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಕೆಲವು ಹಳೆಯ ಬಗೆಯವುಗಳಲ್ಲಿ ಹಿಂದಕ್ಕೆ ತಿರುಗದಂತೆ ತಡೆಯುವ ಹಲ್ಲನ್ನು ಬಿಡಿಸಿದಾಗ ಹಿಡಿ ಕೈಜಾರಿದರೆ, ತುಂಬಿದ ಕೊಡ ಬಿದ್ದಾಗ ಬಾವಿಯ ರಾಟೆ ತಿರುಗುವಂತೆ ಹಿಡಿ ಹಿಮ್ಮುಖವಾಗಿ ರಭಸದಿಂದ ತಿರುಗಿ ಮಣಿಕಟ್ಟಿಗೇ ಬಡಿಯುತ್ತದೆ. ಈಗಷ್ಟೇ ಕೂಡಿಕೊಂಡ ಮೂಳೆಗೆ ಇದಕ್ಕಿಂತ ಕೆಟ್ಟ ಪೆಟ್ಟು ಬೇಡ. ಕೈಬಿಟ್ಟರೂ ಹಿಡಿ ನಿಂತಲ್ಲೇ ನಿಲ್ಲುವ ಹೊಸ ವಿನ್ಯಾಸಕ್ಕೆ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಹಿಡಿ ಯಾವ ಬದಿಯಲ್ಲಿದೆ, ಅದನ್ನು ನಿಮ್ಮ ಗಟ್ಟಿಯಾದ ಕೈಯಿಂದ ತಿರುಗಿಸಬಹುದೇ, ಆಗ ಬಿಲ್ಲನ್ನು ಅಲುಗದಂತೆ ಹಿಡಿಯುವುದು ಹೇಗೆ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಬೇಟೆ ಸಿಗದ ದಿನ ಹೆದೆಯನ್ನು ಇಳಿಸಬೇಕಾಗುತ್ತದೆ. ಕ್ರ್ಯಾಂಕ್‌ನಿಂದಲೇ ಇಳಿಸಬಹುದಾದ ಬಿಲ್ಲಾದರೆ ಒಳ್ಳೆಯದು. ಇಲ್ಲದಿದ್ದರೆ ಗುರಿಹಲಗೆಗೆ ಒಂದು ಬಾಣ ಬಿಟ್ಟು ಇಳಿಸಬೇಕು. ಬಾಣವಿಲ್ಲದೆ ಕುದುರೆ ಎಳೆದರೆ ಬಿಲ್ಲು ಒಡೆದು ಸಿಡಿಯಬಹುದು.

ಇನ್ನು ತೂಕ. ಗುರಿ ನೋಡುವ ಟೆಲಿಸ್ಕೋಪ್ ಬಿಟ್ಟರೂ ಬಹಳಷ್ಟು ಬಿಲ್ಲುಗಳು 6ರಿಂದ 8 ಪೌಂಡ್ ತೂಗುತ್ತವೆ, ಆ ಭಾರದ ಹೆಚ್ಚಿನ ಪಾಲು ಮುಂದಿನ ತುದಿಯಲ್ಲಿದ್ದರೆ ಆಸರೆಯ ಕೈ ಬೇಗ ಸೋಲುತ್ತದೆ. ಬಿಲ್ಲಿನ ತೋಳುಗಳನ್ನು ಹಿಮ್ಮುಖವಾಗಿ ಜೋಡಿಸಿದ ರಿವರ್ಸ್ ಡ್ರಾ ಮಾದರಿಗಳಲ್ಲಿ ಭಾರ ಹಿಂದಕ್ಕೆ ಸರಿದಿರುವುದರಿಂದ ಅಂಥವರಿಗೆ ಅನುಕೂಲ. ಅಂಗೈಯನ್ನು ಪೂರ್ತಿ ಮೇಲ್ಮುಖವಾಗಿ ತಿರುಗಿಸಲು ಬಾರದವರು ಬಿಲ್ಲಿನ ಮುಂಭಾಗದಲ್ಲಿ ನೆಟ್ಟಗೆ ನಿಂತ ಹಿಡಿಯನ್ನು ಪ್ರಯತ್ನಿಸಿ ನೋಡಬೇಕು. ಹೆಬ್ಬೆರಳು ಹೆದೆ ಸಾಗುವ ಹಳಿಗಿಂತ ಮೇಲೇರದಂತೆ ತಡೆಯುವ ಅಗಲವಾದ ಅಂಚಂತೂ ಇರಲೇಬೇಕು, ಏಕೆಂದರೆ ಸ್ಪರ್ಶ ಮಂದವಾದ ಕೈಗೆ ಬೆರಳು ಎಲ್ಲಿದೆಯೆಂಬುದೇ ತಿಳಿಯದಿರಬಹುದು, ಹೆದೆಯೋ ಬೆರಳನ್ನು ಕತ್ತರಿಸುವಷ್ಟು ಬಲವಾಗಿ ಬರುತ್ತದೆ. ಎರಡು ಕಾಲಿನ ಊರುಗೋಲು ಇಟ್ಟುಕೊಂಡರೆ ಈ ತೂಕದ ಚಿಂತೆ ಬಹುಮಟ್ಟಿಗೆ ತೀರುತ್ತದೆ.

ವೇಗದ ಬಗ್ಗೆ ಇಷ್ಟೇ ಸಾಕು: ಹತ್ತಿರದಿಂದ ಹೊಡೆಯುವ ಬಿಳಿಬಾಲದ ಜಿಂಕೆಗೆ ಸೆಕೆಂಡಿಗೆ 300 ಅಡಿ ವೇಗ ಧಾರಾಳ.

ಹಣ ಕೊಡುವ ಮೊದಲು ನಿಮ್ಮ ರಾಜ್ಯದ ಆ ವರ್ಷದ ಬೇಟೆ ನಿಯಮಗಳನ್ನು ಓದಿ. ಒರೆಗಾನ್‌ನಲ್ಲಿ ಕ್ರಾಸ್‌ಬೋ ಬೇಟೆಗೇ ಅವಕಾಶವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಿಲ್ಲುಬೇಟೆಯ ಋತುವಿನಲ್ಲಿ ಅದನ್ನು ಬಳಸಲು ವೈದ್ಯರ ಸಹಿಯುಳ್ಳ ವಿಶೇಷ ಪರವಾನಗಿ ಬೇಕು, ಬಿಲ್ಲಿನ ಬಿಗಿ ಕನಿಷ್ಠ 125 ಪೌಂಡ್ ಇರಬೇಕು. (ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ನಿಷೇಧಿಸಿರುವುದರಿಂದ ಊರಿಗೆ ಒಯ್ಯುವ ಯೋಚನೆ ಬೇಡ.) ಆ ಸಹಿಗಾಗಿ ಹೋದಾಗಲೇ, ಎಷ್ಟು ಭಾರ ಎತ್ತಬಹುದು, ಯಾವ ತಿರುವು ಕೂಡದು ಎಂದು ವೈದ್ಯರನ್ನು ಕೇಳಿ ಬರೆದುಕೊಳ್ಳಿ, ಅಂಗಡಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ.