ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸದೆ ತಿದ್ದುವುದು ಹೇಗೆ?

ಫೈಲ್ ತಿದ್ದು, ಸೇವ್ ಮಾಡು, ಓಡಿಸು, ತಪ್ಪು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡು. ಪ್ರೋಗ್ರಾಂ ಬರೆಯುವವರ ಕೆಲಸ ಹೀಗೇ ಸಾಗುವುದು, ಅಲ್ವಾ? ಕಾಮನ್ ಲಿಸ್ಪ್ ಭಾಷೆಯಲ್ಲಿ ಈ ಸುತ್ತು ಬೇಕಿಲ್ಲ. ಪ್ರೋಗ್ರಾಂ ಎದ್ದೇ ಇರುತ್ತದೆ. ಅದರೊಳಗಿನ ಫಂಕ್ಷನ್‌ಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗಬಹುದು. ಈಮ್ಯಾಕ್ಸ್ ಎಡಿಟರ್‌ನಲ್ಲಿ ಕೂತು ಇದನ್ನು ಮಾಡಲು ಇರುವ ಪ್ಲಗಿನ್ ಸ್ಲೈಮ್. 2003ರಲ್ಲಿ ಶುರುವಾದ ಇದು ಉಚಿತವಾಗಿ ಸಿಗುತ್ತದೆ.

ಮೊದಲು ಮೂರು ವಸ್ತು ಬೇಕು: ಈಮ್ಯಾಕ್ಸ್, ಒಂದು ಲಿಸ್ಪ್ ಕಂಪೈಲರ್, ಸ್ಲೈಮ್. ಕಂಪೈಲರ್ ಪೈಕಿ ಎಸ್‌ಬಿಸಿಎಲ್ ಹಾಕಿಕೊಳ್ಳಿ. ಅದು ವೇಗವಾಗಿದೆ, ಎಚ್ಚರಿಕೆಗಳನ್ನೂ ಬಿಡಿಸಿ ಹೇಳುತ್ತದೆ. ಸ್ಲೈಮ್ ಇರುವುದು ಮೆಲ್ಪಾ ಎಂಬ ಪ್ಯಾಕೇಜ್ ಸಂಗ್ರಹದಲ್ಲಿ. ಈಮ್ಯಾಕ್ಸ್‌ನ ಪ್ಯಾಕೇಜ್ ಪಟ್ಟಿಗೆ ಮೆಲ್ಪಾ ಸೇರಿಸಿ, ಅಲ್ಲಿಂದ ಇನ್‌ಸ್ಟಾಲ್ ಮಾಡಿ. ಆಮೇಲೆ ಈಮ್ಯಾಕ್ಸ್‌ನ ಸೆಟಿಂಗ್ ಫೈಲ್‌ನಲ್ಲಿ ಎರಡು ಸಾಲು ಬರೆಯಬೇಕು. ಇನ್‌ಫೀರಿಯರ್-ಲಿಸ್ಪ್-ಪ್ರೋಗ್ರಾಂ (inferior-lisp-program) ಎಂಬ ವೇರಿಯಬಲ್‌ಗೆ ಎಸ್‌ಬಿಸಿಎಲ್ ಹೆಸರು ಕೊಡುವುದು ಒಂದು. ಸ್ಲೈಮ್-ಕಾಂಟ್ರಿಬ್ಸ್ (slime-contribs) ಪಟ್ಟಿಯಲ್ಲಿ ಸ್ಲೈಮ್-ಫ್ಯಾನ್ಸಿ (slime-fancy) ಸೇರಿಸುವುದು ಇನ್ನೊಂದು.

ಈಗ ಆಲ್ಟ್-ಎಕ್ಸ್ ಒತ್ತಿ ಸ್ಲೈಮ್ (slime) ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ಒಂದು ಕಿಟಕಿ ತೆರೆದು ಅದರಲ್ಲಿ ಕರ್ಸರ್ ಮಿನುಗುತ್ತದೆ. ಇದೇ ರೆಪ್ಲ್. ನೀವು ಬರೆದ ಸಾಲನ್ನು ಓದಿ, ಲೆಕ್ಕ ಹಾಕಿ, ಉತ್ತರ ತೋರಿಸಿ, ಮುಂದಿನ ಸಾಲಿಗೆ ಕಾಯುವ ಜಾಗ.

ತೆರೆಯ ಹಿಂದೆ ಏನಾಗುತ್ತಿದೆ ಎಂದು ತಿಳಿದರೆ ಮುಂದಿನದೆಲ್ಲ ಸಲೀಸು. ಸ್ಲೈಮ್‌ಗೆ ಎರಡು ಭಾಗ. ಒಂದು ಈಮ್ಯಾಕ್ಸ್ ಒಳಗೆ ಇರುತ್ತದೆ. ಸ್ವಾಂಕ್ ಎಂಬ ಇನ್ನೊಂದು ಭಾಗ ಲಿಸ್ಪ್ ಒಳಗೆ ಕೂತಿರುತ್ತದೆ. ಇಬ್ಬರೂ ಮಾತಾಡುವುದು ನೆಟ್‌ವರ್ಕ್ ಸಾಕೆಟ್ ಮೂಲಕ. ಹಾಗಾಗಿ ಲಿಸ್ಪ್ ನಿಮ್ಮ ಕಂಪ್ಯೂಟರ್‌ನಲ್ಲೇ ಇರಬೇಕೆಂದಿಲ್ಲ. ದೂರದ ಸರ್ವರ್‌ನಲ್ಲಿ ಸ್ವಾಂಕ್ ಶುರು ಮಾಡಿಟ್ಟರೆ, ಬೇರೆ ಏನೂ ಹೇಳದಿದ್ದರೆ ಅದು 4005ನೇ ಪೋರ್ಟ್‌ನಲ್ಲಿ, ಅಂದರೆ ಆ ಸಂಖ್ಯೆಯ ನೆಟ್‌ವರ್ಕ್ ಬಾಗಿಲಲ್ಲಿ, ಕಾಯುತ್ತದೆ. ಸ್ಲೈಮ್-ಕನೆಕ್ಟ್ (slime-connect) ಎಂಬ ಆದೇಶದಿಂದ ಅದಕ್ಕೆ ಸೇರಿಕೊಳ್ಳಬಹುದು. ಆ ಪೋರ್ಟನ್ನು ಇಂಟರ್‌ನೆಟ್‌ಗೆ ಮಾತ್ರ ಬಿಚ್ಚಿಡಬೇಡಿ. ಯಾರು ಬೇಕಾದರೂ ಒಳಗೆ ಬಂದು ಏನು ಬೇಕಾದರೂ ಓಡಿಸಬಹುದು. ಎಸ್‌ಎಸ್‌ಎಚ್ ಸುರಂಗದ ಮೂಲಕವೇ, ಅಂದರೆ ಗೂಢಲಿಪಿಯಲ್ಲಿ ಸಾಗುವ ಸುರಕ್ಷಿತ ಸಂಪರ್ಕದ ಮೂಲಕವೇ, ಹೋಗಿ.

ದೂರದಿಂದ ಹೀಗೆ ತಿದ್ದುವುದು ಸ್ಲೈಮ್‌ಗಿಂತ ಹಳೆಯ ಅಭ್ಯಾಸ. 1999ರಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ ಲಿಸ್ಪ್‌ನಲ್ಲಿ ಬರೆದ ರಿಮೋಟ್ ಏಜೆಂಟ್ ಎಂಬ ಪ್ರೋಗ್ರಾಂ ಓಡುತ್ತಿತ್ತು. ಅದರಲ್ಲೊಂದು ದೋಷ ಕಂಡಾಗ, ನೌಕೆಯಲ್ಲೇ ಇದ್ದ ರೆಪ್ಲ್ ಅದನ್ನು ಹುಡುಕಲು ನೆರವಾಯಿತು. ಕೋಟ್ಯಂತರ ಕಿಲೋಮೀಟರ್ ಆಚೆ ಎದ್ದಿದ್ದ ಪ್ರೋಗ್ರಾಂ ಜೊತೆ ನೆಲದಲ್ಲಿ ಕೂತು ಮಾತಾಡುವುದು! ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ.

ಸರಿ, ಕೈಯಾರೆ ಮಾಡಿ ನೋಡೋಣ. ಒಂದು ಹೊಸ ಲಿಸ್ಪ್ ಫೈಲ್ ತೆರೆಯಿರಿ. ಅದರಲ್ಲಿ ಸರಾಸರಿ ಎಂಬ ಫಂಕ್ಷನ್ ಬರೆಯಿರಿ. ಎಸ್‌ಬಿಸಿಎಲ್ ಯೂನಿಕೋಡ್ ಒಪ್ಪುವುದರಿಂದ ಕನ್ನಡದಲ್ಲೇ ಹೆಸರಿಡಬಹುದು. ಅದು ಒಂದು ಪಟ್ಟಿ ತೆಗೆದುಕೊಂಡು, ಮೊತ್ತ ಎಂಬ ಇನ್ನೊಂದು ಫಂಕ್ಷನ್‌ನಿಂದ ಬಂದ ಸಂಖ್ಯೆಯನ್ನು ಪಟ್ಟಿಯ ಉದ್ದದಿಂದ ಭಾಗಿಸಲಿ. ಮೊತ್ತವನ್ನು ಬೇಕೆಂದೇ ಈಗ ಬರೆಯಬೇಡಿ.

ಕರ್ಸರ್ ಸರಾಸರಿಯ ಒಳಗೆ ಎಲ್ಲಿದ್ದರೂ ಸರಿ, ಕಂಟ್ರೋಲ್-ಸಿ ಎರಡು ಸಲ ಒತ್ತಿ. ಆ ಒಂದು ಫಂಕ್ಷನ್ ಮಾತ್ರ ಕಂಪೈಲ್ ಆಗಿ, ಎದ್ದಿರುವ ಲಿಸ್ಪ್ ಒಳಗೆ ಹೋಗಿ ಕೂರುತ್ತದೆ. ಮೊತ್ತ ಎಂಬುದು ಇಲ್ಲ ಎಂಬ ಎಚ್ಚರಿಕೆ ಬರುತ್ತದೆ, ಕೋಡ್‌ನ ಆ ಜಾಗದಲ್ಲೇ ಗೆರೆ ಬೀಳುತ್ತದೆ. ಇರಲಿ ಬಿಡಿ. ಕಂಟ್ರೋಲ್-ಸಿ, ಕಂಟ್ರೋಲ್-ಝಡ್ ಒತ್ತಿ ರೆಪ್ಲ್‌ಗೆ ಹೋಗಿ. 4, 7, 10 ಇರುವ ಪಟ್ಟಿ ಕೊಟ್ಟು ಸರಾಸರಿಯನ್ನು ಕರೆಯಿರಿ.

ಡಿಬಗರ್, ಅಂದರೆ ತಪ್ಪು ಎಲ್ಲಾಯಿತು ಎಂದು ಹುಡುಕುವ ಕಿಟಕಿ, ತೆರೆಯುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಕ್ಯೂ ಒತ್ತಿ ಹೊರಗೆ ಬಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಲೈಮ್‌ನ ಅಸಲಿ ಸೊಗಸು ಇರುವುದೇ ಈ ಕಿಟಕಿಯಲ್ಲಿ. ಪ್ರೋಗ್ರಾಂ ಇನ್ನೂ ಸತ್ತಿಲ್ಲ. ಮೊತ್ತದ ಬಾಗಿಲಲ್ಲಿ ನಿಂತು, ಮುಂದೇನು ಮಾಡಲಿ ಎಂದು ನಿಮ್ಮನ್ನು ಕೇಳುತ್ತಿದೆ. ಕೆಳಗೆ ಅಂಕಿ ಹಾಕಿದ ದಾರಿಗಳಿವೆ. ಇವಕ್ಕೆ ರಿಸ್ಟಾರ್ಟ್ ಎನ್ನುತ್ತಾರೆ. 0 ಅಂದರೆ ಮೊತ್ತವನ್ನು ಮತ್ತೊಮ್ಮೆ ಕರೆದು ನೋಡು ಎಂದು.

ಡಿಬಗರನ್ನು ಹಾಗೇ ಬಿಟ್ಟು ಫೈಲ್‌ಗೆ ಬನ್ನಿ. ಪಟ್ಟಿಯನ್ನು ಒಂದೇ ಬೆಲೆಗೆ ಇಳಿಸುವ ಲಿಸ್ಪ್‌ನ ರಿಡ್ಯೂಸ್ (reduce) ಬಳಸಿ ಪಟ್ಟಿಯ ಅಂಕಿಗಳನ್ನೆಲ್ಲ ಕೂಡಿಸುವಂತೆ ಮೊತ್ತವನ್ನು ಬರೆಯಿರಿ. ಕಂಟ್ರೋಲ್-ಸಿ ಎರಡು ಸಲ. ಡಿಬಗರ್‌ಗೆ ಮರಳಿ 0 ಒತ್ತಿ. ನಿಂತಲ್ಲಿಂದಲೇ ಲೆಕ್ಕ ಮುಂದುವರಿದು ರೆಪ್ಲ್‌ನಲ್ಲಿ 7 ಬರುತ್ತದೆ. ಅರ್ಧ ಗಂಟೆ ಓಡಿದ ಲೆಕ್ಕವೊಂದು ಕೊನೆಯ ಹೆಜ್ಜೆಯಲ್ಲಿ ಮುಗ್ಗರಿಸಿದಾಗ ಹೀಗೆ ಎಬ್ಬಿಸಿ ನಡೆಸುವುದು ಎಷ್ಟು ದೊಡ್ಡದು ಎಂದು ಊಹಿಸಿ.

ಇನ್ನು ಖಾಲಿ ಪಟ್ಟಿ ಕೊಟ್ಟು ನೋಡಿ. ಸೊನ್ನೆಯಿಂದ ಭಾಗಿಸಿದ ತಪ್ಪು ಬರುತ್ತದೆ. ಈ ಸಲ ರಿಸ್ಟಾರ್ಟ್‌ಗಳ ಕೆಳಗಿನ ಸಾಲುಗಳನ್ನು ಗಮನಿಸಿ. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಜಾಡು ಅದು. ಸರಾಸರಿ ಇರುವ ಸಾಲಿಗೆ ಹೋಗಿ ಟಿ ಒತ್ತಿದರೆ ಆ ಹೊತ್ತಿನ ವೇರಿಯಬಲ್‌ಗಳ ಬೆಲೆ ಕಾಣುತ್ತದೆ. ವಿ ಒತ್ತಿದರೆ ಕೋಡ್‌ನ ಜಾಗಕ್ಕೆ ಒಯ್ಯುತ್ತದೆ. ವಿವರ ಕಮ್ಮಿ ಅನ್ನಿಸಿದರೆ ಮೊದಲು ಕಂಟ್ರೋಲ್-ಯು ಒತ್ತಿ, ಆಮೇಲೆ ಕಂಪೈಲ್ ಮಾಡಿ. ಡಿಬಗ್ ಮಾಹಿತಿ ಪೂರ್ತಿ ಸೇರುತ್ತದೆ.

ದಿನದ ಕೆಲಸಕ್ಕೆ ಇನ್ನೂ ಮೂರು ಕೀಲಿ ಸಾಕು. ಆಲ್ಟ್ ಜೊತೆ ಚುಕ್ಕೆ ಒತ್ತಿದರೆ ಫಂಕ್ಷನ್ ಬರೆದ ಜಾಗಕ್ಕೆ ಹೋಗುತ್ತೀರಿ, ಆಲ್ಟ್ ಜೊತೆ ಅಲ್ಪವಿರಾಮ ಒತ್ತಿದರೆ ವಾಪಸ್. ಕಂಟ್ರೋಲ್-ಸಿ, ಕಂಟ್ರೋಲ್-ಕೆ ಇಡೀ ಫೈಲನ್ನು ಕಂಪೈಲ್ ಮಾಡಿ ಲೋಡ್ ಮಾಡುತ್ತದೆ.

ಒಂದು ಎಚ್ಚರ ಮಾತ್ರ ಸದಾ ಇರಲಿ. ಫೈಲ್‌ನಲ್ಲಿ ಇರುವುದು ಬೇರೆ, ಎದ್ದಿರುವ ಲಿಸ್ಪ್‌ನಲ್ಲಿ ಇರುವುದು ಬೇರೆ. ಫೈಲ್‌ನಿಂದ ಒಂದು ಫಂಕ್ಷನ್ ಅಳಿಸಿದರೂ ಲಿಸ್ಪ್ ಒಳಗೆ ಅದು ಬದುಕಿರುತ್ತದೆ. ಹೆಸರು ಬದಲಿಸಿದರೆ ಹಳೆಯ ಹೆಸರೂ ಕೆಲಸ ಮಾಡುತ್ತಲೇ ಇರುತ್ತದೆ. ಸಂಜೆವರೆಗೆ ಎಲ್ಲ ಸರಿಯಿದ್ದು, ಬೆಳಿಗ್ಗೆ ಹೊಸದಾಗಿ ಶುರು ಮಾಡಿದಾಗ ಒಡೆಯುವುದು ಇದರಿಂದಲೇ. ಲಿಸ್ಪ್‌ನಲ್ಲಿ ಎಲ್ಲೆಡೆ ಬಳಸುವ ವೇರಿಯಬಲ್ ಹೆಸರಿಸುವ ಡೆಫ್‌ವಾರ್‌ನಿಂದ (defvar) ಇಟ್ಟ ವೇರಿಯಬಲ್ ಕಥೆಯೂ ಹೀಗೇ. ಅದಕ್ಕೆ ಒಮ್ಮೆ ಬೆಲೆ ಬಂದಿದ್ದರೆ, ಫೈಲ್ ತಿದ್ದಿ ಮತ್ತೆ ಲೋಡ್ ಮಾಡಿದರೂ ಹಳೆಯ ಬೆಲೆಯೇ ಉಳಿಯುತ್ತದೆ. ಅಲ್ಲಿ ಕಂಟ್ರೋಲ್-ಆಲ್ಟ್-ಎಕ್ಸ್ ಒತ್ತಿ, ಹೊಸ ಬೆಲೆ ಕೂರುತ್ತದೆ.

ಆದ್ದರಿಂದ ದಿನಕ್ಕೊಮ್ಮೆಯಾದರೂ, ಕೆಲಸ ಮುಗಿಸುವ ಮೊದಲು, ರೆಪ್ಲ್‌ನಲ್ಲಿ ಅಲ್ಪವಿರಾಮ ಒತ್ತಿ ರಿಸ್ಟಾರ್ಟ್-ಇನ್‌ಫೀರಿಯರ್-ಲಿಸ್ಪ್ (restart-inferior-lisp) ಎಂದು ಬರೆಯಿರಿ. ಲಿಸ್ಪ್ ಹೊಸದಾಗಿ ಏಳುತ್ತದೆ. ಅದಕ್ಕೆ ಇಡೀ ಫೈಲ್ ಲೋಡ್ ಮಾಡಿ, ಖಾಲಿ ಪಟ್ಟಿಯನ್ನೂ ಸೇರಿಸಿ ಸರಾಸರಿಯನ್ನು ಇನ್ನೊಮ್ಮೆ ಕರೆದು ನೋಡಿ.