ಪೆನ್ಸಿಲ್ ಹಿಡಿದು ಓದಿ: ಕಥೆ ಬರೆಯುವವರಿಗೆ, ವಿಮರ್ಶೆ ಬರೆಯುವವರಿಗೆ

ಕಥೆ ಕಾದಂಬರಿ ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಚೆಂದದ ಸಾಲಿಗೆ ಗೆರೆ ಎಳೆಯುವುದನ್ನು ಎಲ್ಲರೂ ಮಾಡುತ್ತಾರೆ, ಅದು ಬೇಡ. ನಿಮ್ಮ ಓದು ಎಲ್ಲಿ ನಿಂತಿತೋ ಅಲ್ಲಿ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಬೇಜಾರಾಗಿ ಮೊಬೈಲ್ ತೆಗೆದ ಜಾಗ, ಅರ್ಧ ಪುಟ ಹಾರಿಸಿದ ಜಾಗ, "ಇವನ್ಯಾರು, ಮೊದಲು ಬಂದಿದ್ನಾ?" ಅಂತ ಹಿಂದಕ್ಕೆ ಹುಡುಕಿದ ಜಾಗ, ಗಂಟಲು ಕಟ್ಟಿ ಸ್ವಲ್ಪ ಹೊತ್ತು ಪುಸ್ತಕ ಮಡಚಿಟ್ಟ ಜಾಗ, ಎಲ್ಲಕ್ಕೂ ಅದೇ ಚುಕ್ಕೆ. ಕಾರಣ ಆಗಲೇ ಬರೆಯಬೇಡಿ, ಸುಮ್ನೆ ಮುಂದೆ ಓದಿ. ಲೈಬ್ರರಿ ಪುಸ್ತಕವಾದರೆ ಚುಕ್ಕೆಯ ಬದಲು ಚೀಟಿ ಇಡಿ.

ವಿಮರ್ಶೆಗೆ ಬೇಕಾದ್ದು, ನಿಮ್ಮ ಸ್ವಂತ ಕಥೆ ತಿದ್ದಲು ಬೇಕಾದ್ದು, ಎರಡೂ ಈ ಚುಕ್ಕೆಗಳಲ್ಲೇ ಇರುತ್ತದೆ.

ಪುಸ್ತಕ ಮುಗಿದ ಮೇಲೆ ಎರಡು ಮೂರು ದಿನ ಬಿಟ್ಟು, ಚುಕ್ಕೆ ಇರುವ ಕಡೆ ಮಾತ್ರ ಮತ್ತೆ ಓದಿ. ಎರಡು ಪುಟ ಹಿಂದಿನಿಂದ ಶುರು ಮಾಡಿ, ಯಾಕೆಂದರೆ ಓದು ನಿಂತದ್ದಕ್ಕೆ ಕಾರಣ ಜಾಸ್ತಿ ಸಲ ಅಲ್ಲೇ ಹಿಂದೆ ಎಲ್ಲೋ ಇರುತ್ತದೆ. ಮತ್ತೆ, ತಪ್ಪು ಯಾವಾಗಲೂ ಪುಸ್ತಕದ್ದೇ ಅಂದುಕೊಳ್ಳಬೇಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂತು. ನಮ್ಮ ತೀರ್ಥಹಳ್ಳಿ ಸೀಮೆಯ ಕಾಡುದಾರಿಗಳೇ ಅದರಲ್ಲಿವೆ, ಆದರೂ ಎಷ್ಟೋ ಜನ ಮೊದಲ ನೂರು ಪುಟದಲ್ಲೇ ನಿಂತುಬಿಡುತ್ತಾರೆ. ನಾಯಕ ಯಾರು ಅಂತ ಹುಡುಕುತ್ತಾ ಸುಸ್ತಾಗುತ್ತಾರೆ. ಇಲ್ಲಿ ಮುಖ್ಯರು, ಅಮುಖ್ಯರು ಅಂತ ಯಾರೂ ಇಲ್ಲ ಎಂದು ಕವಿ ಪುಸ್ತಕದ ಬಾಗಿಲಲ್ಲೇ ಹೇಳಿದ್ದಾರೆ! ಹುಡುಕಾಟ ಬಿಟ್ಟು, ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆಯಿರಿ. ಅವರು ನಡೆದ ಹಾಗೆ ಊರು, ಮನೆ, ಯಾರಿಗೆ ಯಾರು ಏನಾಗಬೇಕು ಎಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಬಿದ್ದ ಚುಕ್ಕೆ ನಮ್ಮ ಓದಿನ ಅಭ್ಯಾಸದ್ದು. ಯಾವ ಚುಕ್ಕೆ ನಮ್ಮದು, ಯಾವುದು ಪುಸ್ತಕದ್ದು ಅಂತ ಬೇರೆ ಮಾಡುವುದೇ ವಿಮರ್ಶೆಯ ಅರ್ಧ ಕೆಲಸ.

ಇನ್ನು ಬರೆಯುವುದು. ಮೇಲೆ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟ, ಬೆಲೆ. ಕಥೆಯ ಸಾರಾಂಶ ಕಾಲು ಭಾಗ ಮೀರಬಾರದು, ಕೊನೆ ಹೇಳಲೇಬಾರದು. "ಮನಮುಟ್ಟುವ ಕೃತಿ", "ಓದಿಸಿಕೊಂಡು ಹೋಗುತ್ತದೆ", "ಮಲೆನಾಡಿನ ಮಣ್ಣಿನ ವಾಸನೆ ಇದೆ" ಇಂಥವನ್ನು ಪೂರ್ತಿ ಬಿಟ್ಟುಬಿಡಿ. ಯಾವ ಪುಸ್ತಕಕ್ಕೆ ಹಾಕಿದರೂ ಕೂರುವ ಮಾತು ಓದುಗನಿಗೆ ಏನನ್ನೂ ತಿಳಿಸುವುದಿಲ್ಲ. "ಪಾತ್ರಗಳಲ್ಲಿ ಜೀವ ಇಲ್ಲ" ಅಂತಲೂ ಬರೆಯಬೇಡಿ. "ಅತ್ತೆ ಸಿಟ್ಟಿನಲ್ಲೂ, ಮಗಳ ತಲೆ ಬಾಚುವಾಗಲೂ ಒಂದೇ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾರೆ, ಹಾಗಾಗಿ ಅವರು ಮನೆ ಬಿಟ್ಟು ಹೊರಡುವ ಅಧ್ಯಾಯದಲ್ಲಿ ನನಗೆ ಏನೂ ಅನ್ನಿಸಲಿಲ್ಲ" ಅಂತ ಬರೆಯಿರಿ. ಲೇಖಕರು ಒಪ್ಪದೇ ಇರಬಹುದು, ಆದರೆ ಯಾವ ಜಾಗದ ಮಾತು ಅಂತ ಅವರಿಗೆ ಗೊತ್ತಾಗುತ್ತದೆ. ಕೆಲವು ಸಾಲು ಎತ್ತಿ ತೋರಿಸಬಹುದು. ವಿಮರ್ಶೆಗಾಗಿ ನ್ಯಾಯವಾಗಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶ ಇದೆ. ಹಾಗಂತ ಇಡೀ ಕಥೆ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದು ಬೇರೆ ವಿಷಯ. ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಉಳಿಯುತ್ತದೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆತನಕ.

ನಮ್ಮ ಕಡೆ ನಿಜವಾದ ಕಷ್ಟ ಬೇರೆಯೇ. ಶಿವಮೊಗ್ಗ ದೊಡ್ಡ ಊರೇನಲ್ಲ, ಸಾಗರ ತೀರ್ಥಹಳ್ಳಿ ಇನ್ನೂ ಚಿಕ್ಕವು. ಇವತ್ತು ಟೀಕೆ ಬರೆದರೆ ನಾಳೆ ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ ಅದೇ ಲೇಖಕರ ಪಕ್ಕದ ಕುರ್ಚಿ ಸಿಗುತ್ತದೆ. ಅದಕ್ಕೇ ಎಷ್ಟೋ ವಿಮರ್ಶೆಗಳು ಮದುವೆ ಮನೆಯ ಉಪಚಾರದ ಮಾತಿನ ಹಾಗೆ ಇರುತ್ತವೆ. ನನ್ನ ಸಲಹೆ ಇಷ್ಟು: ಹತ್ತಿರದ ಸ್ನೇಹಿತರ ಪುಸ್ತಕದ ವಿಮರ್ಶೆ ಒಪ್ಪಿಕೊಳ್ಳಬೇಡಿ. ಒಪ್ಪಿಕೊಳ್ಳಲೇಬೇಕಾದರೆ ಪರಿಚಯ ಇರುವುದನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಸ್ನೇಹಿತರು ಹಸ್ತಪ್ರತಿ ಕೊಟ್ಟರೆ ಮಾತ್ರ ಒಂದೂ ಬಿಡದೆ ಎಲ್ಲ ಹೇಳಿ, ತಿದ್ದಲು ಇನ್ನೂ ಸಮಯ ಇದೆಯಲ್ವಾ.

ಈಗ ಅದೇ ಪೆನ್ಸಿಲ್ ನಿಮ್ಮ ಕಥೆಗೆ. ಕಥೆ ಬರೆದು ಹದಿನೈದು ದಿನ ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆದು ಬೇರೆಯವರದ್ದು ಅನ್ನುವ ಹಾಗೆ ಓದಿ, ಚುಕ್ಕೆ ಇಡಿ. ಮಲೆನಾಡಿನ ಕಥೆ ಅಂದ ತಕ್ಷಣ ನಾವು ಬರೆಯುವ ಶುರುವಾತು ಹೀಗಿರುತ್ತದೆ: "ಧೋ ಎಂದು ಮಳೆ ಸುರಿಯುತ್ತಿತ್ತು. ಎಲ್ಲೆಲ್ಲೂ ಹಸಿರು. ದೂರದಲ್ಲಿ ಮಂಜು ಹೊದ್ದ ಬೆಟ್ಟ." ಇದನ್ನು ಜೋಗ ನೋಡಲು ಬಂದವರೂ ಬಸ್ಸಿನ ಕಿಟಕಿಯಿಂದ ಬರೆಯಬಹುದು. ಅಡಿಕೆ ತೋಟ ಇರುವ ಮನೆಯವರು ಆ ಮಳೆಯಲ್ಲಿ ಏನು ನೋಡುತ್ತಾರೆ? ಎಳೆ ಕಾಯಿ ಕೊಳೆತು ಉದುರುವ ಕೊಳೆ ರೋಗ ನೋಡುತ್ತಾರೆ. ಅದನ್ನು ತಡೆಯಲು ಮೈಲುತುತ್ತ, ಸುಣ್ಣ ಒಂದೊಂದು ಕೆಜಿ, 100 ಲೀಟರ್ ನೀರು ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಅವತ್ತೇ ಹೊಡೆದು ಮುಗಿಸಬೇಕು, ಹೊಡೆಯಲು ಮಳೆ ಸ್ವಲ್ಪ ನಿಂತು ಹೊಳವಾಗಬೇಕು. ಅಲ್ಲೇ ಕಥೆ ಸಿಕ್ಕಿತು:

"ಬೆಳಿಗ್ಗೆಯಿಂದ ಎರಡು ಸಲ ಹೊಳವಾದ ಹಾಗೆ ಮಾಡಿ ಮತ್ತೆ ಹಿಡಿಯಿತು. ಕಲಸಿದ ಬೋರ್ಡೋ ಡ್ರಮ್ಮಿನಲ್ಲೇ ಇತ್ತು. ಔಷಧಿ ಹೊಡೆಯಲು ಬಂದವರು ಜಗುಲಿಯಲ್ಲಿ ಕೂತು ಎರಡನೇ ಕಾಫಿ ಕುಡಿದರು. ಅಪ್ಪಯ್ಯ ತೋಟದಿಂದ ಬಂದು ಅಂಗೈ ಬಿಚ್ಚಿದರು. ಉದುರಿದ ನಾಲ್ಕು ಎಳೆ ಅಡಿಕೆ."

ಹಸಿರು, ಮಂಜು ಯಾವುದೂ ಇಲ್ಲ. ಆದರೆ ಈ ಮನೆಯ ಸಾಲ, ಮಗಳ ಮದುವೆ, ಕೂಲಿ ಲೆಕ್ಕ ಎಲ್ಲದಕ್ಕೂ ಇಲ್ಲಿಂದಲೇ ದಾರಿ ಇದೆ.

ಮಾತುಗಳನ್ನು ಜೋರಾಗಿ ಓದಿ ನೋಡಿ. ಸಾಗರದ ಹವ್ಯಕರ ಮನೆಯ ಮಾತು, ತೀರ್ಥಹಳ್ಳಿ ಗೌಡರ ಮನೆಯ ಮಾತು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನ ಮಾತು ಒಂದೇ ಅಲ್ಲ. ಪ್ರತಿ ಪದವನ್ನೂ ಆಡುವ ಹಾಗೇ ಬರೆಯಹೊರಟರೆ ಓದುವವರಿಗೆ ಕಷ್ಟ, ಎರಡು ಮೂರು ಕ್ರಿಯಾಪದ ಸರಿಯಾದರೆ ಸಾಕು.

ಊರಿನ ಇತಿಹಾಸ ಬಂದಲ್ಲಿ ಜಾಸ್ತಿ ಜಾಗ್ರತೆ ಬೇಕು. ಶರಾವತಿ ಮುಳುಗಡೆ ಬಗ್ಗೆ ಬರೆಯುವವರು ಲಿಂಗನಮಕ್ಕಿ ಅಣೆಕಟ್ಟು (1964) ಮಾತ್ರ ನೆನಪಿಟ್ಟುಕೊಂಡು, ಅದಕ್ಕೆ ಮೊದಲು 1948ರಲ್ಲಿ ಮುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮರೆಯುತ್ತಾರೆ. ನಿಮ್ಮ ಕಥೆಯ ಅಜ್ಜಿ ಯಾವ ನೀರಿಗೆ ಮನೆ ಬಿಟ್ಟರು, ಆಗ ಅವರ ವಯಸ್ಸೆಷ್ಟು ಅನ್ನುವುದು ಕಥೆಯಲ್ಲಿ ಬರದಿದ್ದರೂ ನಿಮಗೆ ಗೊತ್ತಿರಲೇಬೇಕು.

ಕಾದಂಬರಿಯ ಮೊದಲ ಕರಡು ನಡೆಯುತ್ತಿರುವಾಗ ಅದೇ ವಿಷಯದ ಬೇರೆ ಪುಸ್ತಕದ ವಿಮರ್ಶೆ ಒಪ್ಪಿಕೊಳ್ಳಬೇಡಿ. ಆ ಲೇಖಕರಿಗೂ ನ್ಯಾಯ ಸಿಗುವುದಿಲ್ಲ, ನಿಮ್ಮ ಕರಡೂ ಕೆಡುತ್ತದೆ.

ಕಳಿಸುವಾಗ ಯೂನಿಕೋಡ್ ಅಕ್ಷರ ಬೇಕೋ 'ನುಡಿ' ತಂತ್ರಾಂಶದ ಅಕ್ಷರ ಬೇಕೋ ಅಂತ ಪತ್ರಿಕೆಯ ಸೂಚನೆ ನೋಡಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗಳಿಗೆ ಹಬ್ಬಕ್ಕೆ ತಿಂಗಳುಗಳ ಮೊದಲೇ ಕರೆ ಬರುತ್ತದೆ, ಕಥೆ ಮಳೆಗಾಲದಲ್ಲೇ ತಯಾರಿರಲಿ. ಒಂದೇ ಕಥೆಯನ್ನು ಒಟ್ಟಿಗೆ ಎರಡು ಕಡೆ ಕಳಿಸಬೇಡಿ. ಮೂರು ತಿಂಗಳಾದರೂ ಉತ್ತರ ಬರದಿದ್ದರೆ, ವಾಪಸ್ ತಗೊಳ್ಳುತ್ತೇನೆ ಅಂತ ಎರಡು ಸಾಲಿನ ಮೇಲ್ ಹಾಕಿ, ಆಮೇಲೆ ಬೇರೆ ಕಡೆ ಕಳಿಸಿ.