ಹಾವಸೆಗೆ ಸರಿಯಾದ ವೈಜ್ಞಾನಿಕ ಹೆಸರು ಬರೆಯುವುದು ಹೇಗೆ: ಫ್ಯುನೇರಿಯ ಹೈಗ್ರೊಮೆಟ್ರಿಕದ ಮಾದರಿ

ಮಳೆಗಾಲದಲ್ಲಿ ಗೋಡೆ, ಬಂಡೆ, ಮರದ ಬುಡಗಳ ಮೇಲೆ ಹಸಿರಾಗಿ ಹಬ್ಬುವ ಎಲ್ಲವನ್ನೂ ನಾವು ಪಾಚಿ ಎಂದುಬಿಡುತ್ತೇವೆ. ಗುರುತಿಸುವ ಕೆಲಸ ಎಡವುವುದು ಇಲ್ಲಿಯೇ. ಕೆರೆಯಂಚಿನಲ್ಲಿ ಕಾಲು ಜಾರಿಸುವ ಹಸಿರು ಲೋಳೆ ಶೈವಲ (ಆಲ್ಗೆ). ಮಸಾಲೆಗೆ ಹಾಕುವ ಕಲ್ಲುಹೂವು ಲೈಕೆನ್, ಅಂದರೆ ಶಿಲೀಂಧ್ರವೂ ಶೈವಲವೂ ಕೂಡಿ ಬಾಳುವ ಜೀವಿ. ಹಾವಸೆಗೆ (ಮಾಸ್) ಪುಟ್ಟ ಕಾಂಡ ಇರುತ್ತದೆ, ಅದರ ಸುತ್ತ ಎಲೆಗಳಿರುತ್ತವೆ, ಬೇರಿನ ಬದಲು ರೈಜಾಯ್ಡ್ ಎಂಬ ಎಳೆಗಳಿರುತ್ತವೆ. ಕಾಲ ಬಂದಾಗ ಸಣ್ಣ ಕಡ್ಡಿಯ ತುದಿಯಲ್ಲಿ ಬೀಜಕ ತುಂಬಿದ ಕ್ಯಾಪ್ಸೂಲ್ ಮೂಡುತ್ತದೆ. ಹಾವಸೆಯ ವರ್ಗೀಕರಣ ಬಹುಮಟ್ಟಿಗೆ ಈ ಕ್ಯಾಪ್ಸೂಲಿನ ಬಾಯಿಯ ಮೇಲೆ ನಿಂತಿದೆ.

ಪಿಯುಸಿ ಜೀವಶಾಸ್ತ್ರ ಓದಿದವರಿಗೆ ಫ್ಯುನೇರಿಯದ ಚಿತ್ರ ನೆನಪಿರುತ್ತದೆ, ಆದ್ದರಿಂದ ಅದನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ. ಬೆಂಕಿ ಬಿದ್ದ ನೆಲ, ಇದ್ದಿಲು ಬೆರೆತ ಮಣ್ಣು, ನರ್ಸರಿಯ ಕುಂಡಗಳು ಇದಕ್ಕೆ ಇಷ್ಟದ ಜಾಗ. ದಕ್ಷಿಣ ಭಾರತದಲ್ಲಿ ನೀಲಗಿರಿ, ಪಳನಿಯಂಥ ತಂಪು ಬೆಟ್ಟಗಳಲ್ಲಿ ಹುಡುಕಬೇಕು. ಬಯಲುಸೀಮೆಯ ಗೋಡೆಯ ಮೇಲಿನದನ್ನೆಲ್ಲ ಪಠ್ಯಪುಸ್ತಕದ ನೆನಪಿನಿಂದ ಫ್ಯುನೇರಿಯ ಎಂದು ಬರೆಯಬೇಡಿ. ಅದು ಹಯೊಫಿಲ ಅಥವಾ ಬ್ರಯಂ ಎಂಬ ಬೇರೆ ಹಾವಸೆ ಆಗಿರುವ ಸಾಧ್ಯತೆಯೇ ಹೆಚ್ಚು.

ಮಾದರಿ ತೆಗೆಯುವಾಗ

ಅಂಗೈಯ ಕಾಲು ಭಾಗದಷ್ಟು ತೆಗೆದರೆ ಸಾಕು, ಉಳಿದದ್ದನ್ನು ಅಲ್ಲೇ ಬಿಡಿ. ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಚಾಕುವಿನಿಂದ ತೆಳುವಾದ ಮಣ್ಣಿನ ಪದರದ ಸಮೇತ ಎಬ್ಬಿಸಿ. ಮುಚ್ಚಳ ಕಳಚದ ಕ್ಯಾಪ್ಸೂಲೂ ಬೇಕು, ಬಾಯಿ ತೆರೆದದ್ದೂ ಬೇಕು. ಎಲೆ ಮಾತ್ರ ಇರುವ ಮಾದರಿ ತಂದರೆ ಫ್ಯುನೇರಿಯದ ಕುಟುಂಬವಾದ ಫ್ಯುನೇರಿಯೇಸಿಯಲ್ಲಿ ಜಾತಿಯವರೆಗೆ (ಜೀನಸ್) ತಲುಪುವುದೇ ಕಷ್ಟ.

ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಒಂದೆರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಕಾಗದದ ಪೊಟ್ಟಣದಲ್ಲಿಟ್ಟು ನೆರಳಿನಲ್ಲಿ ಗಾಳಿಗೆ ಒಣಗಿಸಿ. ಹೂಬಿಡುವ ಗಿಡಗಳಂತೆ ಭಾರ ಹೇರಿ ಒತ್ತಬೇಡಿ, ಕ್ಯಾಪ್ಸೂಲಿನ ಆಕಾರ ಕೆಟ್ಟರೆ ಗುರುತಿನ ಅರ್ಧ ಹೋದಂತೆ. ಪೊಟ್ಟಣದ ಮೇಲೆ ಊರು, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಯಾವುದರ ಮೇಲೆ ಬೆಳೆದಿತ್ತು, ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ಕ್ರಮಸಂಖ್ಯೆ ಅಲ್ಲೇ ನಿಂತು ಬರೆಯಿರಿ. ‘ಯಾವುದರ ಮೇಲೆ’ ಎಂಬುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸುಟ್ಟ ಮಣ್ಣೋ ಸುಣ್ಣದ ಗಾರೆಯೋ ಎಂಬುದು ಹಾವಸೆಗೆ ದೊಡ್ಡ ವ್ಯತ್ಯಾಸ, ಆಮೇಲೆ ಅದನ್ನು ನೆನಪಿನಿಂದ ತುಂಬಲಾಗದು.

ಕ್ಯಾಪ್ಸೂಲಿನ ಬಾಯಿ ನೋಡುವುದು

ಮೊದಲು ಒಣಗಿದ ಸ್ಥಿತಿಯಲ್ಲೇ 10 ಪಟ್ಟಿನ ಕೈಮಸೂರದಲ್ಲಿ ನೋಡಿ. ಫ್ಯುನೇರಿಯ ಹೈಗ್ರೊಮೆಟ್ರಿಕದ ಕಡ್ಡಿ ಸಾಮಾನ್ಯವಾಗಿ 2ರಿಂದ 5 ಸೆಂ.ಮೀ. ಉದ್ದ. ಒಣಗಿದಾಗ ಹಗ್ಗದಂತೆ ಹೊಸೆದುಕೊಳ್ಳುತ್ತದೆ, ಉಸಿರಿನ ತೇವ ತಾಗಿದರೂ ಬಿಚ್ಚಿಕೊಂಡು ತಿರುಗುತ್ತದೆ. ಹೆಸರು ಬಂದದ್ದೂ ಇದರಿಂದಲೇ: ಲ್ಯಾಟಿನ್ನಿನ ‘ಫ್ಯುನಿಸ್’ ಎಂದರೆ ಹಗ್ಗ, ‘ಹೈಗ್ರೊಮೆಟ್ರಿಕ’ ಎಂದರೆ ತೇವ ಅಳೆಯುವುದು. ಕ್ಯಾಪ್ಸೂಲ್ ಬಾಗಿದ ಪೇರಳೆಹಣ್ಣಿನ ಆಕಾರದ್ದು, ಎರಡು ಬದಿ ಸಮನಾಗಿರುವುದಿಲ್ಲ. ಒಣಗಿದಾಗ ಮೈಮೇಲೆ ಉದ್ದುದ್ದ ಗೀರುಗಳು ಏಳುತ್ತವೆ, ಬಾಯಿ ಓರೆಯಾಗಿರುತ್ತದೆ.

ಆಮೇಲೆ ಒಂದು ಗಿಡವನ್ನು ಬಿಸಿನೀರಿನ ಹನಿಯಲ್ಲಿ ಎರಡು ಮೂರು ನಿಮಿಷ ನೆನೆಸಿ. ಸೂಜಿಯ ಮೊನೆಯಿಂದ ಮುಚ್ಚಳ ಎಬ್ಬಿಸುವಾಗ ಅದರ ಬುಡದಲ್ಲಿರುವ ಕೋಶಗಳ ಉಂಗುರ ಸುರುಳಿಯಾಗಿ ಕಳಚಿಕೊಳ್ಳುವುದನ್ನು ಗಮನಿಸಿ. ಬ್ಲೇಡಿನಿಂದ ಬಾಯಿಯ ಭಾಗವನ್ನು ಅಡ್ಡಲಾಗಿ ಕತ್ತರಿಸಿ, ಸ್ಲೈಡಿನ ಮೇಲಿಟ್ಟು 100 ಪಟ್ಟಿನಲ್ಲಿ ನೋಡಿ. ಹೊರಸುತ್ತಿನಲ್ಲಿ 16 ಹಲ್ಲುಗಳು ಓರೆಯಾಗಿ ಬಾಗಿ ತುದಿಯಲ್ಲಿ ಒಂದು ಪುಟ್ಟ ಬಿಲ್ಲೆಗೆ ಕೂಡಿಕೊಂಡಿರುತ್ತವೆ. ಒಳಸುತ್ತಿನ 16 ತುಂಡುಗಳು ಈ ಹಲ್ಲುಗಳಿಗೆ ನೇರ ಎದುರಾಗಿಯೇ ಇರುತ್ತವೆ. ಬ್ರಯಂನಲ್ಲಾದರೆ ಒಳಗಿನವು ಹೊರಗಿನ ಹಲ್ಲುಗಳ ನಡುವಿನ ಸಂದಿಗೆ ಬರುತ್ತವೆ. ಗಣ (ಆರ್ಡರ್) ಬೇರೆ ಎಂದು ತೀರ್ಮಾನಿಸಲು ಸಹಾಯವಾಗುವುದು ಈ ಎದುರು–ಸಂದಿ ವ್ಯತ್ಯಾಸ, ಹಾಗಾಗಿ ಅವಸರ ಬೇಡ, ಎರಡು ಮೂರು ಕ್ಯಾಪ್ಸೂಲ್ ಕತ್ತರಿಸಿ ನೋಡಿ. ಹಳೆಯ ಕ್ಯಾಪ್ಸೂಲಿನ ಹಲ್ಲು ಉದುರಿರಬಹುದು. ಅದನ್ನೇ ‘ಹಲ್ಲಿಲ್ಲ’ ಎಂದು ಬಗೆದರೆ ಗುರುತು ಅದೇ ಕುಟುಂಬದ ಫಿಸ್ಕೊಮಿಟ್ರಿಯಂ ಕಡೆಗೆ ಜಾರುತ್ತದೆ. ನಿಜವಾದ ಫಿಸ್ಕೊಮಿಟ್ರಿಯಂಗೆ ಹಲ್ಲೇ ಇಲ್ಲ, ಕ್ಯಾಪ್ಸೂಲ್ ಕೂಡ ನೆಟ್ಟಗೆ, ಸಮವಾಗಿ ನಿಂತಿರುತ್ತದೆ. ಹಲ್ಲು 32 ಇದ್ದು ಬಾಯಿಗೆ ತೆಳುಪೊರೆ ಹೊದಿಸಿದಂತಿದ್ದರೆ ಅದು ಪೊಗೊನೇಟಂನ ಬಳಗ, ಇಲ್ಲಿಂದ ಬಹಳ ದೂರದ ಗುಂಪು.

ಇನ್ನೂ ಅನುಮಾನ ಉಳಿದರೆ ಕ್ಯಾಪ್ಸೂಲಿನ ಬುಡದ ಸಿಪ್ಪೆಯನ್ನು 400 ಪಟ್ಟಿನಲ್ಲಿ ನೋಡಿ. ಸಾಮಾನ್ಯ ಗಿಡಗಳ ಪತ್ರರಂಧ್ರಕ್ಕೆ ಎರಡು ಕಾವಲು ಕೋಶಗಳಿದ್ದರೆ ಫ್ಯುನೇರಿಯೇಸಿಯಲ್ಲಿ ಬಳೆಯಾಕಾರದ ಒಂದೇ ಕೋಶ ಇರುತ್ತದೆ. ಒಮ್ಮೆ ಕಂಡರೆ ಮರೆಯುವಂಥದ್ದಲ್ಲ.

ಕಂಡದ್ದನ್ನು ಕ್ರಮವಾಗಿ ಬರೆದರೆ: ವಿಭಾಗ ಬ್ರಯೊಫೈಟ, ವರ್ಗ ಬ್ರಯಾಪ್ಸಿಡ, ಗಣ ಫ್ಯುನೇರಿಯೇಲ್ಸ್, ಕುಟುಂಬ ಫ್ಯುನೇರಿಯೇಸಿ, ಜಾತಿ ಫ್ಯುನೇರಿಯ, ಪ್ರಭೇದ (ಸ್ಪೀಶೀಸ್) ಫ್ಯುನೇರಿಯ ಹೈಗ್ರೊಮೆಟ್ರಿಕ. ಹಳೆಯ ಪಠ್ಯಗಳಲ್ಲಿ ಬ್ರಯೊಫೈಟ ಎಂದರೆ ಮಾರ್ಕಾಂಶಿಯ (ಲಿವರ್‌ವರ್ಟ್), ಆಂಥೊಸೆರಾಸ್ (ಹಾರ್ನ್‌ವರ್ಟ್) ಎಲ್ಲ ಸೇರುತ್ತಿದ್ದವು. ಈಗ ವಿಭಾಗದ ಮಟ್ಟದಲ್ಲಿ ಆ ಹೆಸರು ಹಾವಸೆಗಳಿಗೆ ಮಾತ್ರ.

ಹೆಸರಿನ ಹಿಂದಿನ ಹೆಸರು

ಪೊಟ್ಟಣದ ಮೇಲೆ ರೋಮನ್ ಲಿಪಿಯಲ್ಲೇ ಬರೆಯಬೇಕು. ಜಾತಿಯ ಮೊದಲ ಅಕ್ಷರ ದೊಡ್ಡದು, ಪ್ರಭೇದದ ಪದ ಪೂರ್ತಿ ಸಣ್ಣಕ್ಷರ, ಎರಡೂ ಓರೆ ಅಕ್ಷರದಲ್ಲಿ. ಕೈಬರಹವಾದರೆ ಅಡಿಗೆರೆ ಎಳೆಯಿರಿ. ಕೊನೆಗೆ ಹೆಸರಿಟ್ಟವರ ಸಂಕ್ಷಿಪ್ತ ಹೆಸರು ನೇರ ಅಕ್ಷರದಲ್ಲಿ: Funaria hygrometrica Hedw., ಅಂದರೆ ಫ್ಯುನೇರಿಯ ಹೈಗ್ರೊಮೆಟ್ರಿಕ ಹೆಡ್ವ್. (ಹೆಡ್ವಿಗ್).

ತಿಳಿದವರೂ ತಪ್ಪುವುದು ಇಲ್ಲಿ. ಈ ಹಾವಸೆಗೆ 1753ರಲ್ಲೇ ಲಿನೇಯಸ್ ‘ಮ್ನಿಯಂ ಹೈಗ್ರೊಮೆಟ್ರಿಕಂ’ ಎಂದು ಹೆಸರಿಟ್ಟಿದ್ದರು. ಹಾಗಾದರೆ ಮೊದಲು ಹೆಸರಿಟ್ಟವರೆಂದು ಆವರಣದಲ್ಲಿ ಅವರ ಹೆಸರು ಬರಬೇಡವೇ? ಬರುವುದಿಲ್ಲ. ಹೂಬಿಡುವ ಗಿಡಗಳ ನಾಮಕರಣದ ಲೆಕ್ಕ 1 ಮೇ 1753ರಿಂದ ಶುರುವಾದರೆ, ಹಾವಸೆಗಳದ್ದು ಶುರುವಾಗುವುದು 1 ಜನವರಿ 1801ರಿಂದ. ಯೊಹಾನ್ ಹೆಡ್ವಿಗ್ ತೀರಿಕೊಂಡ ಮೇಲೆ ಪ್ರಕಟವಾದ ಅವರ ಹಾವಸೆಗಳ ಗ್ರಂಥವೇ ಆರಂಭಬಿಂದು. ಅದಕ್ಕೂ ಹಿಂದಿನ ಹೆಸರುಗಳಿಗೆ ನಿಯಮದ ಮಾನ್ಯತೆಯಿಲ್ಲ. ಇದಕ್ಕೆ ಹೊರತು ಸ್ಫ್ಯಾಗ್ನಂನ ಕುಟುಂಬ, ಅದಕ್ಕೆ 1753ರ ದಿನಾಂಕವೇ ಅನ್ವಯ.

ಆವರಣ ಬರುವುದು ಪ್ರಭೇದವನ್ನು ಬೇರೆ ಜಾತಿಗೆ ಒಯ್ದಾಗ. ಹಯೊಫಿಲ ಇನ್ವೊಲ್ಯೂಟ (ಹುಕ್.) ಎ. ಯೇಗರ್ ಎಂದರೆ, ಹುಕರ್ ಮೊದಲು ಜಿಮ್ನೊಸ್ಟೋಮಂ ಜಾತಿಯಲ್ಲಿ ಹೆಸರಿಸಿದ್ದನ್ನು ಯೇಗರ್ ಹಯೊಫಿಲಕ್ಕೆ ಸೇರಿಸಿದರು ಎಂದರ್ಥ. ಪ್ರಭೇದದ ಪದದ ಲಿಂಗವೂ ಜಾತಿಯನ್ನು ಹಿಂಬಾಲಿಸುತ್ತದೆ: ಮ್ನಿಯಂ ನಪುಂಸಕಲಿಂಗ, ಆದ್ದರಿಂದ ಹೈಗ್ರೊಮೆಟ್ರಿಕಂ. ಫ್ಯುನೇರಿಯ ಸ್ತ್ರೀಲಿಂಗ, ಆದ್ದರಿಂದ ಹೈಗ್ರೊಮೆಟ್ರಿಕ. ಜಾತಿ ಬದಲಾವಣೆ ಹಳೆಯ ಕಾಲದ ಕಥೆಯೂ ಅಲ್ಲ. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಫಿಸ್ಕೊಮಿಟ್ರೆಲ ಪೇಟೆನ್ಸ್ ಈಗ ಫಿಸ್ಕೊಮಿಟ್ರಿಯಂ ಪೇಟೆನ್ಸ್ (ಹೆಡ್ವ್.) ಮಿಟ್. ಎನಿಸಿಕೊಂಡಿದೆ. ಡಿಎನ್‌ಎ ಹೋಲಿಕೆ ಅದನ್ನು ಆ ಜಾತಿಯ ಒಳಗೇ ತೋರಿಸಿತು.

ಆದ್ದರಿಂದ ಬರೆಯುವ ಮುನ್ನ ಇಂದಿನ ಒಪ್ಪಿತ ಹೆಸರನ್ನು ಮಿಸೌರಿ ಸಸ್ಯೋದ್ಯಾನದ ಟ್ರೋಪಿಕೋಸ್ ದತ್ತಾಂಶದಲ್ಲಿ ನೋಡಿ. ಐಪಿಎನ್‌ಐಯಲ್ಲಿ (ಸಸ್ಯಗಳ ಹೆಸರುಗಳ ಅಂತರರಾಷ್ಟ್ರೀಯ ಸೂಚಿ) ಹುಡುಕಿ ‘ಇಂಥ ಹೆಸರೇ ಇಲ್ಲ’ ಎಂದುಕೊಳ್ಳಬೇಡಿ, ಅದರ ವ್ಯಾಪ್ತಿಯಲ್ಲಿ ಹಾವಸೆಗಳಿಲ್ಲ. ಪ್ರಭೇದ ಖಚಿತವಾಗದಿದ್ದರೆ ಜಾತಿಯ ಹೆಸರಿನ ನಂತರ ‘ಎಸ್‌ಪಿ.’ (sp.) ಎಂದಷ್ಟೇ ಬರೆಯುವುದು ಪ್ರಾಮಾಣಿಕ ಕೆಲಸ.

ಯಾವುದಕ್ಕೂ ಹೊಂದದ ಹೊಸ ಪ್ರಭೇದವೇ ಕೈಗೆ ಸಿಕ್ಕಿದೆ ಎನಿಸಿದರೆ, ಮೊದಲು ಆ ಜಾತಿಯ ತಿಳಿದ ಪ್ರಭೇದಗಳ ಮಾದರಿಗಳನ್ನೆಲ್ಲ ಹೋಲಿಸಬೇಕು. ಪ್ರಕಟಿಸುವಾಗ ವಿವರಣೆ ಅಥವಾ ವ್ಯತ್ಯಾಸದ ಟಿಪ್ಪಣಿ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು, 2012ರಿಂದ ನಿಯಮ ಹೀಗಿದೆ. ಕನ್ನಡದ ವಿವರಣೆ ಜೊತೆಗಿರಬಹುದು, ಅದೊಂದರಿಂದ ಹೆಸರು ಮಾನ್ಯವಾಗದು. ಒಂದು ಮಾದರಿಯನ್ನು ಹೋಲೋಟೈಪ್ (ಹೆಸರಿಗೆ ಆಧಾರವಾದ ಮಾದರಿ) ಎಂದು ಸ್ಪಷ್ಟವಾಗಿ ಹೆಸರಿಸಿ, ಅದು ಯಾವ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯಗಳ ಸಂಗ್ರಹಾಲಯ) ಇದೆ ಎಂದೂ ತಿಳಿಸಬೇಕು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಹಾವಸೆಗಳ ಸಂಗ್ರಹವಿದೆ. ಪೊಟ್ಟಣವನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳದೆ ಅಂಥ ಕಡೆಗೆ ಒಪ್ಪಿಸಿ, ಅದರ ಪ್ರವೇಶ ಸಂಖ್ಯೆಯನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದಿಡಿ.